ಒಂದು ಕಾಲಿಗೆ ಬೂಟು

ಬಂಡೆಗಳ ಪರವಾಗಿ ಮನುಷ್ಯರ ಜೊತೆ ಜಗಳ ಮಾಡುವವರು ಇಡೀ ಕೂಡ್ಲಿಗಿ ತಾಲ್ಲೂಕಿನಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಸೋದರತ್ತೆ! ಕಾನಹೊಸಹಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಸೀರೆ ಅಂಗಡಿ. ಗಿರಾಕಿ ಎದುರು ಕೂತರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಭಾನುವಾರ ಅಂಗಡಿಯ ಬಾಗಿಲು ಎಳೆದರೋ, ಆಮೇಲೆ ಅವರೇ ಬೇರೆ. ಸೀರೆಯೊಳಗೆ ನನ್ನ ಹಳೆಯ ಚೂಡಿದಾರದ ಪ್ಯಾಂಟು ಏರಿಸಿ, ಸೆರಗು ಬಿಗಿದು, ಚಪ್ಪಲಿ ಬಿಟ್ಟು, ಗುಡೇಕೋಟೆ ಕಡೆಯ ಬಂಡೆಗಳನ್ನು ಹತ್ತಲು ಹೊರಡುತ್ತಾರೆ. ವಯಸ್ಸು ಅರವತ್ತು ದಾಟಿದೆ. ಎತ್ತರ ಎಷ್ಟು ಅಂತೀರಾ? ಗಲ್ಲಾದ ಹಿಂದೆ ಅವರು ನಿಂತೇ ಇರುತ್ತಾರೆ, ಗಿರಾಕಿಗಳು "ಅಂಗಡ್ಯಾಗ ಯಾರೂ ಇಲ್ಲೇನ್ರಿ?" ಎಂದು ಕೂಗುತ್ತಾರೆ.

ಹತ್ತುವುದಷ್ಟೇ ಆಗಿದ್ದರೆ ನಾವು ಹೇಗೋ ಸಹಿಸಿಕೊಳ್ಳುತ್ತಿದ್ದೆವು. ಅವರು ನ್ಯಾಯಾಧೀಶರೂ ಹೌದು! ಒಮ್ಮೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ನಾನು ತೆವಳಿ, ಉಬ್ಬಸಪಟ್ಟು, ಕೊನೆಯಲ್ಲಿ ಅವರದೇ ಕೈ ಹಿಡಿದು ಒಂದು ಪುಟ್ಟ ಬಂಡೆಯ ನೆತ್ತಿ ಮುಟ್ಟಿದೆ. ಶಹಬ್ಬಾಸ್ ಸಿಗುತ್ತದೆಂದು ನೋಡಿದರೆ, "ನೀ ಆಟಕ್ಕುಂಟು, ಲೆಕ್ಕಕ್ಕಿಲ್ಲ ಬಿಡು" ಅಂದುಬಿಟ್ಟರು. ಕೊಟ್ಟೂರಿನ ಕಾಲೇಜಿನಲ್ಲಿ ವರ್ಷಕ್ಕೆ ನೂರಾರು ಮಕ್ಕಳಿಗೆ ಅಂಕ ಕೊಡುವ ನನಗೆ ಈ ಮಾತು!

ಹೀಗಿರುವಾಗ ಆ ಬಂಡೆಗಳ ನಡುವೆ ಒಬ್ಬಳು ಹುಡುಗಿ ಕಾಣಿಸಿಕೊಂಡಳು. ಹರಪನಹಳ್ಳಿಯ ಬ್ಯಾಂಕಿನಲ್ಲಿ ಕೆಲಸ, ರಜೆಯಲ್ಲಿ ಬಂಡೆ ಹತ್ತುವ ಹವ್ಯಾಸ. ಬೆನ್ನಿನ ಮೇಲೆ ಮಡಚಿದ ಹಾಸಿಗೆ, ಸೊಂಟದಲ್ಲಿ ಬಿಳಿ ಪುಡಿಯ ಚೀಲ, ಕಾಲಿಗೆ ಬಿಗಿಯಾದ ರಬ್ಬರು ಬೂಟು. ಅತ್ತೆ ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಈ ಪುಡಿ ಏನವ್ವ? ಕೇರಂ ಆಡಾಕ ಬಂದೀಯೇನು?"

"ಕೈ ಬೆವರಬಾರದು ಅಂತ ಹಚ್ಕೊಳ್ಳೋದು ಅಮ್ಮ."

"ಮತ್ತ ಈ ಹಾಸಿಗಿ?"

"ಬಿದ್ರೆ ಪೆಟ್ಟಾಗಬಾರದಲ್ರೀ."

"ಬೀಳೋ ಭಯ ಇಲ್ಲಂದ್ರ ಇಲ್ಲಿ ತನಕ ಯಾಕ ಬಂದಿ? ಮನ್ಯಾಗ ಮಂಚ ಹತ್ತಬಾರದೇನು?"

ಹುಡುಗಿಗೆ ನಗು ತಡೆಯಲಾಗಲಿಲ್ಲ. ಬೂಟು ಬಿಚ್ಚಿ ಅತ್ತೆಯ ಕೈಗೇ ಕೊಟ್ಟಳು. ಅತ್ತೆ ಅದರ ಅಟ್ಟೆಯನ್ನು ಬಂಡೆಗೆ ಒತ್ತಿ ಎಳೆದು ನೋಡಿದರು. ಅದು ಹಲ್ಲಿಯ ಹಾಗೆ ಕಚ್ಚಿಕೊಂಡಿತು. "ಇದು ಬೂಟಲ್ಲ, ಗೋಂದು! ಕಲ್ಲು ಬರಿ ಮೈಲೇ ನಿಂತೈತಿ, ನೀವು ಅಂಗಡಿ ಹೊತ್ಕೊಂಡು ಬಂದೀರಿ. ಈ ಗುಡ್ಡದ ಕರಡಿ ನೋಡ್ರಿ, ಬರಿಗಾಲಾಗ ಹತ್ತತೈತಿ!"

"ಕರಡಿಗೆ ಉಗುರು ಇದಾವಲ್ಲ ಅತ್ತೆ?" ಎಂದೆ ನಾನು.

"ಅವು ಅದರ ಸ್ವಂತವು. ಅಂಗಡ್ಯಾಗ ತಂದಿಲ್ಲ."

ಹುಡುಗಿಯೂ ಕಡಿಮೆಯೇನಲ್ಲ. "ಹಾಗಾದ್ರೆ ನಿಮ್ಮ ಕನ್ನಡಕ ಯಾವ ಅಂಗಡೀದು ಅಮ್ಮ?" ಎಂದಳು. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಆ ವಾರವೆಲ್ಲ ಸೀರೆ ಮಡಚುತ್ತ ಯೋಚಿಸಿದರು. ಮುಂದಿನ ಭಾನುವಾರ ಕನ್ನಡಕವನ್ನು ನನ್ನ ಕೈಗೆ ಕೊಟ್ಟು, ನ್ಯಾಯವಾಗಿ, ಒಂದೇ ಉಸಿರಿಗೆ ಹತ್ತಿ, ಎರಡೂ ಕೈ ಎತ್ತಿ ಜಯಘೋಷ ಮಾಡಿದರು. ಆದರೆ ಅವರು ಹತ್ತಿದ್ದು ಹತ್ತುತ್ತೇನೆಂದ ಬಂಡೆಯನ್ನಲ್ಲ, ಪಕ್ಕದ್ದನ್ನು!

ನಕ್ಕುಬಿಡಬಹುದಿತ್ತು. ಆದರೆ ಈ ಹಟದ ಬುಡದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಅತ್ತೆ ಹುಟ್ಟಿದ ಊರಿನ ಹಿಂದೆ ಎಮ್ಮೆಗಲ್ಲು ಎಂಬ ಬಂಡೆ ಇದೆ. ಮಹಡಿ ಮನೆಯಷ್ಟು ಎತ್ತರ. ಇಳಿಜಾರಾದದ್ದೇ, ಆದರೆ ನಡುವೆ ಹೊಟ್ಟೆಯ ಭಾಗ ಉಬ್ಬಿ ನುಣ್ಣಗಾಗಿದೆ. ಅದನ್ನು ಬರಿಗಾಲಲ್ಲಿ ಹತ್ತಿದ ಹುಡುಗಿ ಊರಿಗೆ ಒಬ್ಬಳೇ. ಅವಳು ಅತ್ತೆಯ ಅಕ್ಕ, ನಾನು ಫೋಟೋದಲ್ಲೂ ನೋಡದ ನಮ್ಮ ದೊಡ್ಡತ್ತೆ. ಅವಳದು ಉದ್ದನೆಯ ಕಾಲಂತೆ. ಗಿಡ್ಡ ತಂಗಿ ಮಾತ್ರ ಪ್ರತಿ ಸಲವೂ ಹೊಟ್ಟೆಯ ಹತ್ತಿರ ಜಾರಿ ಕೆಳಗೆ ಬರುತ್ತಿದ್ದಳು. ಅಕ್ಕ ಮದುವೆಯಾಗಿ ಹಿರೇಹಡಗಲಿಗೆ ಹೋದಳು. ಮೊದಲ ಹೆರಿಗೆಯಲ್ಲೇ ತೀರಿಕೊಂಡಳು.

"ಅಕ್ಕ ಮ್ಯಾಲೆ, ನಾ ಕೆಳಗ. ಹಂಗಾ ಉಳೀತು ನೋಡು," ಎಂದು ಅತ್ತೆ ಒಮ್ಮೆ ನನಗೆ ಹೇಳಿದ್ದರು. "ಅಕಿ ನಿಂತ ಜಾಗದಾಗ ಒಂದ ಸಲ ನಿಂದ್ರಬೇಕು. ಆದ್ರ ಬೂಟು ಹಾಕ್ಕೊಂಡು ಹೋದ್ರ ಅಕಿಗೆ ಮೋಸ ಮಾಡಿದಂಗ." ಎಷ್ಟೋ ವರ್ಷಗಳ ಹಿಂದೆ ತೀರಿಕೊಂಡವಳ ಜೊತೆ ಇಷ್ಟು ಪ್ರಾಮಾಣಿಕವಾಗಿ ಆಡುವವರನ್ನು ನಾನಂತೂ ಬೇರೆ ನೋಡಿಲ್ಲ.

ಅತ್ತೆ ಈಗಲೂ ವರ್ಷಕ್ಕೊಮ್ಮೆ ಅದನ್ನು ಹತ್ತಲು ಹೋಗುತ್ತಾರೆ; ಈ ವರ್ಷ ಎಮ್ಮೆಗಲ್ಲಿನಿಂದ ಜಾರಿದಾಗ ಮಂಡಿ ತರಚಿತು. ಸುಣ್ಣದಂತೆ ಬಿಳಿಚಿಕೊಂಡ ಮುಖದಲ್ಲಿ "ಇನ್ನ ಆಗಂಗಿಲ್ಲ ಬಿಡಲೇ" ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಸಿಟ್ಟೇ ಬಂತು. ಹುಡುಗಿಗೆ ಹೇಳಿ ಮಕ್ಕಳ ಅಳತೆಯ ರಬ್ಬರು ಬೂಟು ತರಿಸಿದೆ. ಅತ್ತೆ ಮುಟ್ಟಲಿಲ್ಲ.

"ಅತ್ತೆ, ದೊಡ್ಡತ್ತೆ ಹತ್ತಿದಾಗ ಹದಿನಾರು ವರ್ಷದ ಹುಡುಗಿ. ನಿಮಗ ಅರವತ್ತು ದಾಟೈತಿ. ಇದು ಯಾವ ಊರಿನ ನ್ಯಾಯ?" ಎಂದೆ.

ಅತ್ತೆ ಬೂಟನ್ನು ಎಡಗಾಲಿನ ಪಕ್ಕಕ್ಕೆ ಇಟ್ಟು ಅಳತೆ ನೋಡಿದರು. ಕೊನೆಗೆ ತೀರ್ಪು ಬಂತು: "ಒಂದ ಕಾಲಿಗೆ ಹಾಕ್ಕೊಂತೀನಿ. ಅರ್ಧ ಮೋಸ!"

ಹಾಗೆ ಒಂದು ಮುಂಜಾನೆ, ಎಡಗಾಲಿಗೆ ಕೆಂಪು ಬೂಟು, ಬಲಗಾಲು ಬರಿದು, ಮೂಗಿನ ಮೇಲೆ ಕನ್ನಡಕ, ನಮ್ಮ ಅತ್ತೆ ಎಮ್ಮೆಗಲ್ಲಿಗೆ ಕೈ ಹಚ್ಚಿದರು. ಕೆಳಗೆ ಹುಡುಗಿಯ ಹಾಸಿಗೆ. "ಅದು ನಿಮ್ಮ ಸಮಾಧಾನಕ್ಕ, ನನಗಲ್ಲ" ಎಂದು ಮೊದಲೇ ಹೇಳಿಬಿಟ್ಟರು. ಹೊಟ್ಟೆಯ ಭಾಗ ಬಂತು. ಎಡಗಾಲು ಊರಿದರು. ರಬ್ಬರು ಹಿಡಿಯಿತು. ಎಂದೂ ದಾಟದ ಜಾಗ ದಾಟಿ, ಬರಿಗಾಲನ್ನು ಮೇಲೆ ಇಟ್ಟವರು ಅಲ್ಲೇ ನಿಂತುಬಿಟ್ಟರು. ಆ ಕಾಲು ಬಂಡೆಯನ್ನು ತಡವುತ್ತಿತ್ತು.

"ಅತ್ತೆ, ಹೆದರಿಕಿ ಆಗ್ತೈತೇನು?"

"ಲೇ, ಇಲ್ಲಿ ಕಚ್ಚು ಹೊಡದಾರ!"

ಸವೆದು ನುಣ್ಣಗಾದ ಬೀಸುಕಲ್ಲಿಗೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದು ಒರಟು ಮಾಡುತ್ತಾರಲ್ಲ, ಅದು ಕಚ್ಚು. ಅತ್ತೆ ಬಗ್ಗಿ ಬೆರಳಾಡಿಸಿದರು. "ನಮ್ಮನ್ಯಾಗ ಬೀಸುಕಲ್ಲಿಗೆ ಅಕ್ಕನೇ ಹೊಡೀತಿದ್ಲು. ಹಿಂಗಾ, ಓರೆ ಸಾಲು. ಇದು ಅಕಿ ಕೈಕೆಲಸ!"

"ಅಯ್ಯೋ, ಹಾಗಾದ್ರೆ ಅವರೂ ಮೋಸ ಮಾಡಿ ಹತ್ತಿದ್ರಾ ಅಮ್ಮ?" ಎಂದಳು ಹುಡುಗಿ.

ಅತ್ತೆ ಮೇಲಕ್ಕೆ ನೋಡಿದರು. ಒರಟು ಗುರುತುಗಳು ಗೇಣು ಗೇಣಿಗೊಂದರಂತೆ ನೆತ್ತಿಯ ತನಕ ಹೋಗಿದ್ದವು. ಅವರ ದನಿ ಬದಲಾಯಿತು. "ಅಕಿದು ಉದ್ದನ ಕಾಲವ್ವ. ಇಷ್ಟು ಹತ್ತಿರ ಹತ್ತಿರ ಅಕಿಗ್ಯಾಕ ಬೇಕು? ನನಗಂತ ಹೊಡದಾಳ. ಹೇಳಿದ್ರ ಮೋಸ ಅಂತ ಜಗಳ ತಗಿತೀನಂತ ಸುಮ್ಮನಾಗ್ಯಾಳ." ಕಚ್ಚಿನ ಮಣ್ಣನ್ನು ಬೆರಳಿಂದ ಒರೆಸಿ ಅಂದರು, "ಇಷ್ಟು ಮ್ಯಾಲಿಂದ ಯಾಕ ಶುರು ಮಾಡ್ಯಾಳ ಗೊತ್ತೇನು? ಒಂದೆರಡು ವರ್ಷಕ್ಕ ನನ್ನ ಕಾಲು ಇಲ್ಲಿಗೆ ಎಟಕತೈತಿ ಅನ್ಕಂಡಾಳ."

ಆಮೇಲೆ ಪಟ್ಟಿ ಬಿಚ್ಚಿ ಬೂಟನ್ನು ಕೆಳಗೆ ಬಿಟ್ಟರು. "ಇದರಾಗ ಏನೂ ತಿಳಿಯಂಗಿಲ್ಲ" ಅಂದರು. ಒಂದೊಂದು ಕಚ್ಚಿನ ಮೇಲೂ ಬರಿಗಾಲು ಇಟ್ಟು, ನಿಂತು, ಮತ್ತೆ ಇಟ್ಟು, ನಿಧಾನಕ್ಕೆ ನೆತ್ತಿ ಮುಟ್ಟಿದರು. ನಮ್ಮ ಕಡೆ ನೋಡಲಿಲ್ಲ. ಹಿರೇಹಡಗಲಿಯ ದಿಕ್ಕಿಗೆ ತಿರುಗಿ, ಸೆರಗಿನಿಂದ ಮೂಗು ಒರೆಸಿಕೊಂಡು, ಸಣ್ಣ ಹುಡುಗಿಯ ಹಾಗೆ ಕೂಗಿದರು:

"ಅಕ್ಕಾ, ನಾ ಬೆಳೀಲೇ ಇಲ್ಲವ್ವಾ!"