ಎಳ್ಳಮಾಸಿ ದಿನ ಕಂಡಕ್ಟರನ ತೂಕ

ತುಳಜಾರಾಮನ ಕಷ್ಟಕ್ಕೆಲ್ಲ ಮೂಲ ಒಂದು ಕೋಳಿಬುಟ್ಟಿ. ಹೋದ ವರ್ಷ ಒಂದು ಸಂತೆಯ ದಿನ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಹಿಂದೆ ಹೋದ ಕಂಡಕ್ಟರ್ ತುಳಜಾರಾಮ ಮತ್ತೆ ಮುಂದೆ ಬರಲೇ ಇಲ್ಲ. ನಡುದಾರಿಯಲ್ಲಿ ಯಾರೋ ಇಟ್ಟಿದ್ದ ಕೋಳಿಬುಟ್ಟಿಗೂ ಎಡಗಡೆಯ ಸೀಟಿಗೂ ನಡುವೆ ಅವನ ತೊಂಬತ್ತಾರು ಕಿಲೋ ದೇಹ ಬಾಟಲಿಗೆ ಬಿರಡೆ ಹಾಕಿದಂತೆ ಕೂತುಬಿಟ್ಟಿತು. ಮುಂದಿನಿಂದ ಇಬ್ಬರು ಎಳೆದು, ಹಿಂದಿನಿಂದ ಮೂವರು ನೂಕಿ ಬಿಡಿಸುವಷ್ಟರಲ್ಲಿ ಎರಡು ಸ್ಟಾಪು ದಾಟಿ ಹೋಗಿದ್ದವು. ಗ್ರಹಚಾರ ನೋಡಿ, ಆ ದಿನ ಮುಂದಿನ ಸೀಟಿನಲ್ಲಿ ಕೂತಿದ್ದವರು ಡಿಪೋ ಮ್ಯಾನೇಜರ್ ಅಮೃತರಾವ್.

“ಬಸ್ ಅಗಲ ಮಾಡಾಕ ನನಗ ಬರಂಗಿಲ್ಲ ತುಳಜಾರಾಮ,” ಎಂದರು ಅವರು. “ನೀನರ ಸಣ್ಣಾಗು. ಇಲ್ಲಂದ್ರ ಬಸ್‌ಸ್ಟ್ಯಾಂಡಿನ ವಿಚಾರಣೆ ಖೋಲ್ಯಾಗ ಒಂದು ಕುರ್ಚಿ ಖಾಲಿ ಅದ, ಬಂದು ಕೂಡು.”

ಆ ಕುರ್ಚಿಯ ಹೆಸರು ಕೇಳಿಯೇ ತುಳಜಾರಾಮನ ಜೀವ ಅರ್ಧ ಕಿಲೋ ಇಳಿಯಿತು. ಅವನಿಗೆ ಬಸ್ಸಿನ ಲೈನು ಅಂದರೆ ಬರೀ ನೌಕರಿಯಲ್ಲ. ಮೋರಖಂಡಿಯ ಹುಡುಗಿಗೆ ರಾಜೇಶ್ವರದ ಗಂಡು ಒಪ್ಪಿದ ಸುದ್ದಿ ಮೊದಲು ತಲುಪಿಸುವವನು ಅವನು. ಯಾರ ಎಮ್ಮೆ ಈಯಿತು, ಯಾರ ಮಗಳು ತವರಿಗೆ ಬಂದಳು, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಅಂಥವನು ನಾಲ್ಕು ಗೋಡೆಯೊಳಗೆ ಕೂತು “ಬೀದರ್ ಬಸ್ ಹನ್ನೊಂದಕ್ಕರಿ” ಎನ್ನುತ್ತ ಉಳಿದ ನೌಕರಿ ಕಳೆಯಬೇಕೇ?

ಹುಮನಾಬಾದಿನ ಬಸವಣಪ್ಪ ಡಾಕ್ಟರು ಹಸಿವು ಕಡಿಮೆ ಮಾಡುವ ಗುಳಿಗೆ ಕೊಟ್ಟರು. ಗುಳಿಗೆ ನುಂಗಿದ ತುಳಜಾರಾಮನಿಗೆ ರೊಟ್ಟಿ ಕಂಡರೆ ಹಂಚು ಕಂಡಂತಾಯಿತು. ಬಾಯಿ ಒಣಗಿ ಹತ್ತಿಯಾಯಿತು, ನಿದ್ದೆ ಹಾರಿತು, ಆದರೆ ಎಂಟು ತಿಂಗಳಲ್ಲಿ ತೂಕ ಎಪ್ಪತ್ತೊಂಬತ್ತಕ್ಕೆ ಇಳಿಯಿತು. ಕುಣಿಯುತ್ತ ಹೋಗಿ, ಇನ್ನು ಗುಳಿಗೆ ಸಾಕು, ನಾಳೆಯಿಂದ ಬಂದ್ ಎಂದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಗುಳಿಗಿ ನಿನ್ನ ಹಸಿವಿಗೆ ಕಟ್ಟಿದ ಹಗ್ಗ ಅದ. ಒಮ್ಮಿಗೇ ಬಿಚ್ಚಿದ್ರ ಎತ್ತು ಮಂದಿ ಹೊಲಕ್ಕ ಬೀಳ್ತದ. ಮೊಳ ಮೊಳ ಸಡಿಲ ಬಿಡಬೇಕು.”

ಹಾಗಾಗಿ ಒಂದು ಗುಳಿಗೆ ಅರ್ಧವಾಯಿತು, ಆ ಅರ್ಧವೂ ದಿನ ಬಿಟ್ಟು ದಿನ ಆಯಿತು, ಆಮೇಲೆ ನಿಂತಿತು. ನಿಂತ ಮರುವಾರವೇ ಹಸಿವು, ಸಿಟ್ಟು ಮಾಡಿಕೊಂಡು ಹೋಗಿದ್ದ ಅಳಿಯ ಗಂಟುಮೂಟೆ ಸಮೇತ ಬಂದಂತೆ ಬಂದು ಕೂತಿತು. ಅದಕ್ಕೂ ಡಾಕ್ಟರು ಮೊದಲೇ ಕಟ್ಟು ಹಾಕಿದ್ದರು: ಹೊತ್ತಿಗೆ ಎರಡೇ ರೊಟ್ಟಿ, ಬಟ್ಟಲು ಬ್ಯಾಳಿ, ಪಲ್ಲೆ ಹೊಟ್ಟೆ ತುಂಬ, ದಿನಾ ಒಂದು ತಾಸು ನಡಿಗೆ. ಗುಳಿಗೆ ಬಿಟ್ಟು ಒಂದು ತಿಂಗಳಾದ ಮೇಲೂ ತೂಕ ಎಂಬತ್ತು ದಾಟದಿದ್ದರೆ ಸರ್ಟಿಫಿಕೇಟು. ಮರುದಿನ ಡಿಪೋದಲ್ಲಿ ಹೊಸ ಡ್ಯೂಟಿ ಪಟ್ಟಿ ಹಚ್ಚುತ್ತಾರೆ, ಸರ್ಟಿಫಿಕೇಟು ಇಲ್ಲದಿದ್ದರೆ ಕುರ್ಚಿ.

ಆ ತಿಂಗಳು ತುಂಬಿದ ದಿನ ಎಳ್ಳಮಾಸಿ.

ಕಲ್ಯಾಣದ ಕಡೆ ಎಳ್ಳಮಾಸಿ ಅಂದರೆ ಊರಿಗೆ ಊರೇ ಬುಟ್ಟಿ ಹೊತ್ತು ಹೊಲಕ್ಕೆ ಹೋಗುವ ದಿನ. ಹೊಲದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಅಂಬಲಿ ಉಂಡು, ದಾರಿಯಲ್ಲಿ ಹೋಗುವವನನ್ನೂ ಕೈಹಿಡಿದು ಕೂಡಿಸಿ ಉಣಿಸುವ ದಿನ. ಅಂದು ಒಲ್ಲೆ ಎಂದವನ ಮುಖ ಮುಂದಿನ ಎಳ್ಳಮಾಸಿಯ ತನಕ ಯಾರೂ ನೋಡುವುದಿಲ್ಲ. ಅಂಥ ದಿನ ತೂಕ ಆಗುವ ತನಕ ಬಾಯಿ ಮುಚ್ಚಿಕೊಂಡಿರುವುದು ಎಂದು ತುಳಜಾರಾಮ ನಿಶ್ಚಯ ಮಾಡಿದ್ದ.

ಮೋರಖಂಡಿಯಲ್ಲಿ ಮೊದಲು ಹತ್ತಿದವಳೇ ಗಯಾಬಾಯಿ. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಅಂಬಲಿಯ ಗಡಿಗೆ. ಟಿಕೆಟ್ ತೆಗೆದುಕೊಳ್ಳುವ ಮೊದಲು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಎಷ್ಟು ಸೊರಗೀದಿ ತಮ್ಮಾ. ಉಳಿದ ಗುಳಿಗಿ ಇದ್ರ ನನ್ನ ಸೊಸಿಗಿ ಕೊಡು. ಆಕಿ ಬಾಗಲದಾಗ ಹಿಡಿಯವಲ್ಲಳು.”

“ಒಬ್ಬರ ಗುಳಿಗಿ ಇನ್ನೊಬ್ಬರು ನುಂಗಬಾರದು ಆಯಿ. ಉಳಿದವು ಡಾಕ್ಟರ್ ವಾಪಸ್ ತಗೊಂಡಾರ.”

“ಹಂಗಾದ್ರ ನೀನು ಕಡಬು ತಗೋ.”

ತುಳಜಾರಾಮ ಬುದ್ಧಿವಂತಿಕೆ ಮಾಡಿದ. ಡಬ್ಬಿಗೆ ಹಾಕ್ರಿ, ಆಮ್ಯಾಲ ತಿಂತೀನಿ ಎಂದ. ಅದೇ ತಪ್ಪಾಯಿತು. ಗಯಾಬಾಯಿಯದು ತಗೊಂಡ, ನಮ್ಮದು ಯಾಕೆ ಬೇಡ ಎಂದು ಇಡೀ ಬಸ್ಸು ಎದ್ದಿತು. ಡಬ್ಬಿ ತುಂಬಿತು. ಆಮೇಲೆ ಅಂಗಿಯ ಕಿಸೆ, ಪ್ಯಾಂಟಿನ ಕಿಸೆ. ರೊಟ್ಟಿಗಳನ್ನು ಯಾರೋ ಟವೆಲ್ಲಿನಲ್ಲಿ ಸುತ್ತಿ, ಅಂಗಿಯ ಒಳಗೆ ಅವನ ನಡುವಿಗೇ ಕಟ್ಟಿದರು. ರಾಜೇಶ್ವರದ ಹತ್ತಿರ ಬರುವಷ್ಟರಲ್ಲಿ ಅವನ ಒಂದೊಂದು ಹೆಜ್ಜೆಗೂ ಒಂದೊಂದು ವಾಸನೆ.

ರಾಜೇಶ್ವರದಲ್ಲಿ ರಸ್ತೆಯ ಪಕ್ಕದ ಹೊಲದವರು ಬಸ್ಸಿಗೇ ಅಡ್ಡ ನಿಂತರು. ಡ್ರೈವರ್ ಅಬ್ದುಲ್ ಕರೀಂ ಪ್ರತಿ ವರ್ಷ ಇದಕ್ಕಾಗಿಯೇ ಕಾಯುವವನು, ಇಂಜಿನ್ ಬಂದ್ ಮಾಡಿ ಎಲ್ಲರಿಗಿಂತ ಮೊದಲು ಪಂಕ್ತಿಯಲ್ಲಿ ಕೂತ. ತುಳಜಾರಾಮ ಹಿಂದಿನ ಗಾಲಿಯ ಹತ್ತಿರ ಕೂತು ಗಾಳಿ ನೋಡುವವನಂತೆ ಅದನ್ನು ಒತ್ತತೊಡಗಿದ.

“ತುಳಜಾ ಭಾಯಿ, ಗಾಲಿ ಅಲ್ಲ, ನಿನ್ನ ಹೊಟ್ಟಿ ಪಂಕ್ಚರ್ ಆಗ್ಯದ,” ಎಂದು ಕರೀಂ ಕೂತಲ್ಲಿಂದಲೇ ಕೂಗಿದ. ಎಲ್ಲರೂ ತಿರುಗಿದರು. ಗಯಾಬಾಯಿ ಎದ್ದು ಬಂದು, ಅವನು ಬಾಯಿ ತೆರೆದು ಏನೋ ಹೇಳುವ ಮೊದಲೇ ಒಂದು ತುತ್ತು ಭಜ್ಜಿ ಒಳಗೆ ತುರುಕಿದಳು. ಅವರೆಕಾಳು, ತೊಗರಿ, ಹುಳಿ ಮಜ್ಜಿಗೆ. ತುಳಜಾರಾಮನ ಕಣ್ಣಲ್ಲಿ ನೀರು ಬಂತು. ಆ ಒಂದು ತುತ್ತನ್ನು ಅವನು ಹುಮನಾಬಾದಿನ ತನಕ ಅಗಿದ.

ಹುಮನಾಬಾದಿನಲ್ಲಿ ದವಾಖಾನೆಗೆ ಬೀಗ. ಡಾಕ್ಟರ್ ಸಾಹೇಬರು ಹತ್ತಿರದ ಹುಡಗಿ ಊರಿನಲ್ಲಿರುವ ಹೊಲಕ್ಕೆ ಹೋಗಿದ್ದಾರೆ ಎಂದರು ಪಕ್ಕದ ಅಂಗಡಿಯವರು. ಬಸ್ಸು ತಿರುಗಿ ಹೊರಡಲು ಎರಡು ತಾಸು ಇತ್ತು. ತುಳಜಾರಾಮ ಬಾಡಿಗೆ ಸೈಕಲ್ ಹತ್ತಿದ. ಕಿಸೆಯ ಕಡಬು ತುಳಿದಂತೆಲ್ಲ ತೊಡೆಗೆ ಬಡಿಯುತ್ತಿದ್ದವು, ಡಬ್ಬಿ ಬೆನ್ನಿಗೆ ತಾಳ ಹಾಕುತ್ತಿತ್ತು.

ಹೊಲದ ಬೇವಿನ ಮರದ ಕೆಳಗೆ ಡಾಕ್ಟರು ಧೋತರ ಉಟ್ಟು ಕೂತಿದ್ದರು. ಅವರ ತಾಯಿ ಭಾಗಮ್ಮ ಇವನನ್ನು ಕಂಡದ್ದೇ ಎಲೆ ಹಾಕಿದರು. ಮೊದಲು ತೂಕ, ಆಮೇಲೆ ಊಟ ಎಂದು ಇವನು ಕೈಮುಗಿದ. ಉಣ್ಣದವನನ್ನು ಎಳ್ಳಮಾಸಿ ದಿನ ತೂಗುತ್ತಾರೇನು, ಅವನೇನು ತೊಗರಿ ಚೀಲವೇ ಎಂದು ಭಾಗಮ್ಮ ಬೈದರು. ಕೊನೆಗೆ ತೊಗರಿ ಚೀಲದಂತೆಯೇ ಆಯಿತು. ಚೀಲ ತೂಗುವ ದೊಡ್ಡ ತಕ್ಕಡಿ ಕೊಂಬೆಗೆ ತೂಗುಬಿದ್ದಿತ್ತು. ತುಳಜಾರಾಮ ಅದರ ಒಂದು ತಟ್ಟೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ದೇವರನ್ನು ನೆನೆದ. ಇನ್ನೊಂದರಲ್ಲಿ ಡಾಕ್ಟರು ತೂಕದ ಕಲ್ಲು ಏರಿಸುತ್ತ ಹೋದರು.

“ಎಂಬತ್ತೈದು,” ಎಂದರು.

ತುಳಜಾರಾಮನ ಮುಖ ಅಂಬಲಿಯ ಬಣ್ಣಕ್ಕೆ ತಿರುಗಿತು. “ಒಂದೇ ತುತ್ತು ತಿಂದೀನಿ ಸಾಹೇಬ್ರ. ಅದೂ ನಾ ತಿಂದಿಲ್ರಿ, ತುರುಕ್ಯಾರ.”

ಭಾಗಮ್ಮ ಮೂಗು ಏರಿಸಿ ಹತ್ತಿರ ಬಂದರು. “ಬಸಣ್ಣ, ಇವನ ಕಿಸೆದಾಗ ಕಡಬ ಅವ.”

ಆಮೇಲೆ ತುಳಜಾರಾಮನನ್ನು ಸುಲಿಯುವ ಕೆಲಸ ನಡೆಯಿತು. ಹದಿನೇಳು ಕಡಬು, ನಡುವಿನಿಂದ ರೊಟ್ಟಿಯ ಗಂಟು, ಹೆಗಲಿನಿಂದ ಡಬ್ಬಿ, ಕೊನೆಗೆ ಅವನು ನಿದ್ದೆಯಲ್ಲೂ ಬಿಚ್ಚದ ಟಿಕೆಟ್ ಹಣದ ಚರ್ಮದ ಚೀಲ. ಒಂದು ಕುಟುಂಬ ಉಣ್ಣುವಷ್ಟು ಅನ್ನ ಹೊರಬಂದ ಮೇಲೆ ಮತ್ತೆ ತೂಗಿದರು. ಎಪ್ಪತ್ತೊಂಬತ್ತು.

ಡಾಕ್ಟರು ನಕ್ಕು ಸಾಕಾಗಿ ಚೀಟಿ ತೆಗೆದು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದರು. ಇನ್ನು ನಿನಗೆ ಯಾರೂ ತ್ರಾಸು ಕೊಡದ ಹಾಗೆ ಗಟ್ಟಿಯಾಗಿ ಬರೆದಿದ್ದೇನೆ ಎಂದರು. ತುಳಜಾರಾಮನಿಗೆ ಇಂಗ್ಲಿಷ್ ಬಾರದು, ಆದರೂ ಎರಡು ಸಲ ಓದಿದವನಂತೆ ನೋಡಿ ಮಡಚಿದ.

“ಈಗ ಉಣ್ಣು. ಒಂದು ಹಬ್ಬದ ಊಟಕ್ಕ ಏನೂ ಆಗಂಗಿಲ್ಲ. ನಾಳೆ ಮತ್ತ ಎರಡೇ ರೊಟ್ಟಿಗಿ ವಾಪಸ್ ಬರಬೇಕು ನೋಡು, ಅದರಾಗೇ ಎಲ್ಲಾ ಅದ.”

ತಿಂಗಳ ಹಸಿವು ಒಮ್ಮೆಗೇ ಎಲೆಯ ಮುಂದೆ ಕೂತಿತು. ಅಷ್ಟು ರುಚಿಯ ಭಜ್ಜಿಯನ್ನು ತುಳಜಾರಾಮ ಹುಟ್ಟಿದಾಗಿನಿಂದ ಉಂಡಿರಲಿಲ್ಲ. ಮೂರನೆಯ ರೊಟ್ಟಿಗೆ ಕೈ ಹೋಗಿ, ಅರ್ಧದಲ್ಲಿ ತಾನಾಗಿಯೇ ಹಿಂದೆ ಬಂತು. ಗುಳಿಗೆ ಇಲ್ಲದೆ ಹಿಂದೆ ಬಂದ ಆ ಕೈಯನ್ನು ಅವನು ಒಂದು ಗಳಿಗೆ ಅಭಿಮಾನದಿಂದ ನೋಡಿದ.

ಸಂಜೆ ಬಸವಕಲ್ಯಾಣಕ್ಕೆ ಬಂದವನೇ ಅಮೃತರಾಯರ ಮೇಜಿನ ಮೇಲೆ ಸರ್ಟಿಫಿಕೇಟು ಇಟ್ಟ. ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದು ನಿಂತ. ಸಾಹೇಬರು ಓದಿದರು. ಎದ್ದು ನಿಂತು ಅವನ ಬೆನ್ನು ತಟ್ಟಿದರು. ಹದಿನೇಳು ಕಿಲೋ ಇಳಿಸಿ, ಗುಳಿಗೆ ಬಿಟ್ಟ ಮೇಲೂ ಉಳಿಸಿಕೊಂಡವನು ಈ ಡಿಪೋದಲ್ಲಿ ನೀನೊಬ್ಬನೇ ಎಂದರು. ಬಾಗಿಲಲ್ಲಿ ನಿಂತಿದ್ದ ಕರೀಂ ಚಪ್ಪಾಳೆ ಹೊಡೆದ.

“ಡಾಕ್ಟರ್ ಭಾಳ ಕಾಳಜಿಲೇ ಬರದಾರ,” ಎಂದರು ಅಮೃತರಾವ್, ಕಾಗದ ಕಣ್ಣಿನ ಹತ್ತಿರ ಹಿಡಿದು. “ತೂಕ ಹಿಂಗೇ ಉಳೀಬೇಕಾದ್ರ ದಿನಾ ಗಡಿಯಾರದ ಹೊತ್ತಿಗಿ ಊಟ, ಹೊತ್ತಿಗಿ ನಿದ್ದಿ ಆಗಬೇಕಂತ. ಇದಕ್ಕ ಕಚೇರಿಯವರು ಅನುಕೂಲ ಮಾಡಿಕೊಡಬೇಕಂತ. ಲೈನಿನ ಮ್ಯಾಲ ಹೊತ್ತು ಎಲ್ಲಿದಪ್ಪ? ಇವತ್ತ ನಿಮ್ಮ ಬಸ್ಸೇ ಒಂದೂವರೆ ತಾಸು ಲೇಟ್ ಬಂದದ.”

ಅವರು ಪೆನ್ನು ತೆಗೆದು ಹೊಸ ಡ್ಯೂಟಿ ಪಟ್ಟಿಯಲ್ಲಿ ತುಳಜಾರಾಮನ ಹೆಸರು ಅತ್ಯಂತ ಪ್ರೀತಿಯಿಂದ ಬರೆದರು.

ಮರುದಿನ ಬೆಳಿಗ್ಗೆ ತುಳಜಾರಾಮ ವಿಚಾರಣೆ ಖೋಲಿಯ ಕುರ್ಚಿಯಲ್ಲಿ ಕೂತ. ಬೀದರ್ ಬಸ್ ಹನ್ನೊಂದಕ್ಕರಿ ಎಂದು ಆರು ಸಲ ಹೇಳಿದ. ಏಳನೆಯ ಸಲ ಕಿಂಡಿಯಲ್ಲಿ ಕಂಡ ಮುಖ ಗಯಾಬಾಯಿಯದು. ಆಕೆ ಬಸ್ಸಿನ ಹೊತ್ತು ಕೇಳಲು ಬಂದಿರಲಿಲ್ಲ. ಮೋರಖಂಡಿಯ ನಾಲ್ಕು ಮನೆಯ ಸುದ್ದಿ ಹೇಳಿ, ರಾಜೇಶ್ವರಕ್ಕೆ ಮುಟ್ಟಿಸಬೇಕಾದ ಎರಡನ್ನು ಅವನ ಹತ್ತಿರ ಬಿಟ್ಟಳು. ಆಕೆಯ ಹಿಂದೆ ಇನ್ನೂ ಐದಾರು ಮಂದಿ ಸುದ್ದಿ ಹಿಡಿದು ನಿಂತಿದ್ದರು. ತುಳಜಾರಾಮನ ಮುಖ ಮೆಲ್ಲಗೆ ಅರಳಿತು. ಸುದ್ದಿ ಹುಡುಕಿಕೊಂಡು ಅವನು ಹೋಗಬೇಕಾಗಿರಲಿಲ್ಲ, ಅದೇ ಬರುತ್ತಿತ್ತು.

ಹೋಗುವಾಗ ಗಯಾಬಾಯಿ ಕಿಂಡಿಯೊಳಗೆ ಕೈ ಹಾಕಿ, ನಿನ್ನೆಯದು ಉಳಿದಿತ್ತು ಎಂದು ಒಂದು ದೊಡ್ಡ ಡಬ್ಬಿ ಭಜ್ಜಿ ಇಟ್ಟಳು. ಹಿಂದೆ ನಿಂತವರೂ ತಮ್ಮ ತಮ್ಮ ಡಬ್ಬಿ ಹೊರತೆಗೆದರು. ತುಳಜಾರಾಮ ಗಡಿಯಾರ ನೋಡಿದ, ಆಮೇಲೆ ಖೋಲಿಯ ಬಾಗಿಲು ನೋಡಿದ. ಅದು ಬಸ್ಸಿನ ನಡುದಾರಿಗಿಂತ ಪೂರಾ ಎರಡು ಗೇಣು ಅಗಲವಿತ್ತು.