ಷಡ್ಡಕನ ಜೀಪೂ ನನ್ನ ಸ್ಟ್ರೋಕರ್ ಇಂಜಿನ್ನೂ

ಈ ಭೂಮಂಡಲದಲ್ಲಿ ಯಾರ ಜೀಪಾದರೂ ಗುಡ್ಡ ಹತ್ತಲಿ, ಯಾರದಾದರೂ ಉರುಳಲಿ, ಪ್ರಜ್ವಲನ ಜೀಪಿಗಿಂತ ನನ್ನ ಜೀಪು ಮುಂದಿರಲೇಬೇಕು! ಹೀಗೆಂದು ವಿಮಾನ ನಗರದ ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಕೈ ಬಡಿದು ನಾನು ಘೋರ ಪ್ರತಿಜ್ಞೆ ಮಾಡಿದೆ. ಬಡಿದ ರಭಸಕ್ಕೆ ಸೋಂಪಿನ ಬಟ್ಟಲು ನೆಲಕ್ಕೆ ಬಿತ್ತು.

"ಮೊದ್ಲು ಆ ಸೋಂಪು ಗುಡಿಸಿ ಮಾರಾಯ್ರೆ. ಪ್ರತಿಜ್ಞೆ ಆಮೇಲೆ ಮಾಡಿದ್ರೂ ಆಗ್ತದೆ" ಎಂದಳು ನನ್ನ ಹೆಂಡತಿ ಪಂಕಜಾಕ್ಷಿ.

ಪ್ರಜ್ವಲ ನನ್ನ ಷಡ್ಡಕ, ಅಂದರೆ ಪಂಕಜಾಕ್ಷಿಯ ತಂಗಿ ತೃಪ್ತಿಯ ಗಂಡ. ತಳೇಗಾಂವ ದಾಭಾಡೆಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಒಳ್ಳೆಯ ಹುಡುಗ. ಅದೇ ನನ್ನ ಕಷ್ಟ! ಕೆಟ್ಟವನಾಗಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು. ನಮ್ಮಿಬ್ಬರಿಗೂ ಹಳೆಯ ಪೆಟ್ರೋಲ್ ಜೀಪಿನ ಹುಚ್ಚು. ಭಾನುವಾರ ಬಂತೆಂದರೆ ನಮ್ಮಂಥ ಹುಚ್ಚರೆಲ್ಲ ತಳೇಗಾಂವದಾಚೆಯ ಕಲ್ಲುಗುಡ್ಡಕ್ಕೆ ಜೀಪು ಹತ್ತಿಸಲು ಹೋಗುತ್ತೇವೆ. ಅವನ ಜೀಪು ವಾರವಿಡೀ ಹೊದಿಕೆ ಹೊದ್ದು ಮಲಗುವ ರಾಜಕುಮಾರ. ನನ್ನದು ವಾರವಿಡೀ ಮಾರ್ಕೆಟ್ಟಿನಿಂದ ಹೋಟೆಲಿಗೆ ಈರುಳ್ಳಿ ಹೊರುವ ಜೀತದಾಳು.

ಈ ಪ್ರತಿಜ್ಞೆಗೆ ಕಾರಣವಾದ ಆ ಭಾನುವಾರವನ್ನು ನಾನು ಮರೆಯಲಾರೆ. ಈರುಳ್ಳಿ ಮೂಟೆಯ ಮೇಲೆ ಕಾಲು ಮಡಚಿಕೊಂಡು ನನ್ನ ಪಕ್ಕ ಕೂತು ಬಂದಿದ್ದ ಪಂಕಜಾಕ್ಷಿ, ಗುಡ್ಡದ ಬುಡ ಬಂದದ್ದೇ ತಡ, ಇಳಿದು ಸೀದಾ ಪ್ರಜ್ವಲನ ಜೀಪು ಹತ್ತಿದಳು! ಅವನು ಗುಡುಗುಡು ಎಂದು ನೆತ್ತಿ ಮುಟ್ಟಿದ. ಮೇಲೆ ನಿಂತು ನನ್ನ ಧರ್ಮಪತ್ನಿ ನನಗೆ ಕೈ ಬೀಸಿದಳು. ನನ್ನ ಜೀಪು ಅರ್ಧ ದಾರಿಯಲ್ಲಿ ಕೆಮ್ಮಿ, ಉಗಿದು, ನಿಂತುಬಿಟ್ಟಿತು. ಪ್ರಜ್ವಲ ನಗುನಗುತ್ತಾ ಇಳಿದು ಬಂದು ಹಗ್ಗ ಕಟ್ಟಿ ಎಳೆದ. ಅವನ ಜೀಪಿನಲ್ಲಿ ನನಗೆಂದೇ ಒಂದು ಹಗ್ಗ ಇತ್ತು!

ಹೊಟ್ಟೆಕಿಚ್ಚು ಆಯಿತೇ ಎಂದು ಕೇಳುತ್ತೀರಾ? ಆಯಿತು ಸ್ವಾಮಿ. ಆ ವಾರ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿದ್ದರೆ ಹೋಟೆಲಿಗೆ ಗ್ಯಾಸ್ ಸಿಲಿಂಡರೇ ಬೇಕಿರಲಿಲ್ಲ. ಹೆಂಡತಿ ನನ್ನ ಜೀಪು ಬಿಟ್ಟು ಇನ್ನೊಂದು ಜೀಪು ಹತ್ತುವುದೆಂದರೆ ಏನು? ಅವನ ಇಂಜಿನ್ನಿಗಿರುವ ಬಲ ನನ್ನ ಇಂಜಿನ್ನಿಗಿಲ್ಲ, ಅಷ್ಟೇ ತಾನೆ? ಹಾಗಾದರೆ ಬಲ ತುಂಬಿಸೋಣ! ಪಂಕಜಾಕ್ಷಿ ನನ್ನ ಪಕ್ಕದಲ್ಲಿ ಕೂತು ಆ ನೆತ್ತಿಗೆ ಬರಬೇಕು, ಪ್ರಜ್ವಲ ಕೆಳಗೆ ನಿಂತು ನೋಡಬೇಕು!

ಉಪಾಯ ಸಿದ್ಧವಾಯಿತು. ಸ್ಟ್ರೋಕರ್ ಇಂಜಿನ್! ಇಂಜಿನ್ನಿನೊಳಗೆ ಪಿಸ್ಟನ್ ಎಂಬುದು ಮೇಲೆ ಕೆಳಗೆ ಓಡಾಡುತ್ತಿರುತ್ತದಲ್ಲ, ಅದನ್ನು ಆಡಿಸುವ ಕ್ರ್ಯಾಂಕನ್ನೇ ಬದಲಿಸಿ ಆ ಓಡಾಟವನ್ನು ಉದ್ದ ಮಾಡಿಬಿಡುವುದು. ಆಗ ಅದೇ ಇಂಜಿನ್ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ನುಂಗಿ ಹೆಚ್ಚು ಬಲ ಕಕ್ಕುತ್ತದೆ. ಹೋಟೆಲಿನ ಹಿಂದೆ ತರಕಾರಿ ಹೆಚ್ಚುವ ಮೇಜಿನ ಮೇಲೆ ಇಂಜಿನ್ ಬಿಚ್ಚಿ ಹರಡಿದೆ.

"ಬೀನ್ಸ್ ಎಲ್ಲಿ ಹೆಚ್ಚುವುದು?" ಎಂದಳು ಪಂಕಜಾಕ್ಷಿ.

"ಇತಿಹಾಸ ಸೃಷ್ಟಿಯಾಗುವಾಗ ಬೀನ್ಸಿನ ಮಾತು ಎತ್ತಬೇಡ!"

"ಇತಿಹಾಸಕ್ಕೆ ಮಧ್ಯಾಹ್ನ ಪಲ್ಯ ಬೇಡವಾ?"

ಲೇಥು ಅಂಗಡಿಯ ಹಣಮಂತ್ರಾಯ ವಿಜಯಪುರದ ಕಡೆಯವನು. ಲೋಹ ಕಡಿಯುವುದೆಂದರೆ ಅವನಿಗೆ ಹಬ್ಬ. ಪಿಸ್ಟನ್ ಓಡಾಡುವ ಬ್ಲಾಕಿನ ತೂತುಗಳನ್ನು ಅಗಲ ಮಾಡಿದ, ಉದ್ದ ಓಟದ ಕ್ರ್ಯಾಂಕ್ ತಿರುಗಲು ಒಳಗೋಡೆಯನ್ನು ಕೆರೆದ. ಕೊನೆಗೆ ಒಂದು ಎಚ್ಚರಿಕೆ ಕೊಟ್ಟ.

"ಪಿಸ್ಟನ್ ಮ್ಯಾಲ ಬರ್ತದ, ಗಾಳಿ ಬಿಡೂ ವಾಲ್ವ್ ಕೆಳಗ ಬರ್ತದ. ಎರಡೂ ಮುದ್ದಾಡಿದ್ರ ಇಂಜಿನ್ ಖಲಾಸ್ ನೋಡ್ರಿ! ನಡುವ ಕಡ್ಲಿಬ್ಯಾಳಿಯಷ್ಟಾದ್ರೂ ಜಾಗಾ ಬೇಕ್ರಿ. ಪಿಸ್ಟನ್ ಮ್ಯಾಲ ಮೆತ್ತನ್ನ ಮಣ್ಣು ಹಚ್ಚಿ, ಹೆಡ್ ಅಂದ್ರ ಮ್ಯಾಲಿನ ಮುಚ್ಚಳ ಕೂಡಿಸಿ, ಕೈಲೆ ಒಂದ್ ಸುತ್ತು ತಿರುಗಸ್ರಿ. ವಾಲ್ವಿನ ಅಚ್ಚು ಬೀಳ್ತದ. ಅಚ್ಚಿನ ತಳದಾಗ ಉಳಿದ ದಪ್ಪ ಅಳೀರಿ. ಅದ ನಿಮ್ಮ ಜಾಗಾ."

ಮಣ್ಣು? ಹೋಟೆಲಿನವನು ಮಣ್ಣು ಹುಡುಕಿಕೊಂಡು ಹೋಗುವುದೇ! ಅಡುಗೆಮನೆಯಲ್ಲಿ ಪಂಕಜಾಕ್ಷಿ ಮಂಗಳೂರು ಬನ್ಸಿಗೆಂದು ಬಾಳೆಹಣ್ಣು, ಮೊಸರು, ಜೀರಿಗೆ ಹಾಕಿ ಆಗಷ್ಟೇ ಕಲಸಿಟ್ಟಿದ್ದ ಮೈದಾ ಹಿಟ್ಟು ಬೆಣ್ಣೆಯಂತೆ ಕೂತಿತ್ತು. ಒಂದು ಉಂಡೆ ಹಾರಿಸಿಕೊಂಡು ಬಂದೆ. ಪೂರಿಗೆ ಸವರುವಂತೆ ಎಣ್ಣೆ ಸವರಿ ಪಿಸ್ಟನ್ನಿನ ನೆತ್ತಿಗೆ ತಟ್ಟಿದೆ. ಹೆಡ್ಡು ಕೂರಿಸಿ, ತಿರುಗಿಸಿ, ಬಿಚ್ಚಿ ನೋಡಿದರೆ ಆಹಾ! ವಾಲ್ವಿನ ಅಚ್ಚು ಹುಣ್ಣಿಮೆ ಚಂದ್ರನಂತೆ ಮೂಡಿದೆ.

ಅಳೆಯಬೇಕು ಎನ್ನುವಷ್ಟರಲ್ಲಿ ಹೋಟೆಲಿಗೆ ಸಂಜೆಯ ಗಿರಾಕಿಗಳು ನುಗ್ಗಿದರು. ಎದ್ದು ಓಡುವ ಮೊದಲು, ಹಿಟ್ಟು ಒಣಗಬಾರದಲ್ಲ ಎಂದು, ಒದ್ದೆ ಬಟ್ಟೆ ಹಿಂಡಿ ಪಿಸ್ಟನ್ನಿನ ಮೇಲೆ ಹೊದಿಸಿದೆ. ಕೈಗೆ ಹತ್ತಿದ ಅಭ್ಯಾಸ ನೋಡಿ, ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆ ತೆಗೆದು, ಚಾಕುವಿನಿಂದ ಕತ್ತರಿಸಿ ಅಳೆದೆ. ಕಡಲೆಬೇಳೆ ಎಲ್ಲಿ ಬಂತು! ದಪ್ಪ ಗೋಳಿಬಜೆಯಷ್ಟಿತ್ತು! ಹಣಮಂತ್ರಾಯನಿಗೆ ಫೋನು ಹಚ್ಚಿ ಅಳತೆ ಹೇಳಿದೆ.

"ಅಬಬಬ! ಭಾಳ ಜಾಗಾ ಅದ ಬಿಡ್ರಿ! ಅಷ್ಟು ಜಾಗಾ ಇಟ್ಕೊಂಡು ಒಳಗ ಸಂಸಾರ ಹೂಡಾವ್ರೇನ್ರಿ?"

"ಹಾಗಾದರೆ ಹೆಡ್ಡಿನ ತಳವನ್ನು ಸ್ವಲ್ಪ ಕಡಿದು ಕೆಳಗಿಳಿಸಿದರೆ?"

"ಒತ್ತಡ ಏರ್ತದ, ತಾಕತ್ತು ಏರ್ತದ. ತೊಗೊಂಡ್ ಬರ್ರಿ, ಕಡಿಯೂಣು!"

ಕಡಿದ. ಪ್ರಜ್ವಲನ ಮುಖ ನೆನೆದು ಇನ್ನಷ್ಟು ಕಡಿಸಿದೆ. ಇಂಜಿನ್ ಕೂರಿಸಿ ಕೀಲಿ ತಿರುಗಿಸಿದರೆ ಏನು ಗರ್ಜನೆ! ಒಳಗಿನಿಂದ ಸಣ್ಣಗೆ ಟಿಕ್ ಟಿಕ್ ಎಂಬ ಸದ್ದೂ ಬರುತ್ತಿತ್ತು. ಬಲ ಜಾಸ್ತಿಯಾದಾಗ ಹೀಗೆಲ್ಲ ಆಗುತ್ತದೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಮಹಾಭಾನುವಾರ ಬಂತು. ಪಂಕಜಾಕ್ಷಿ ಬನ್ಸಿನ ಡಬ್ಬಿ ಹಿಡಿದು ತಂಗಿ ಮತ್ತು ಪ್ರಜ್ವಲನ ಜೊತೆ ಅವರ ಜೀಪಿನಲ್ಲೇ ಬಂದಳು. ನಾನು ಒಳಗೊಳಗೇ ನಕ್ಕೆ. ಬರುವಾಗ ಎಲ್ಲಿ ಕೂತರೇನು, ಹತ್ತುವಾಗ ನೋಡೋಣ! ನನ್ನ ಪಕ್ಕದ ಸೀಟಿನ ಮೇಲೆ ಹಳೆಯ ಕ್ರ್ಯಾಂಕನ್ನು ತೊಳೆದು, ಒರೆಸಿ, ಪ್ರದರ್ಶನಕ್ಕೆ ಇಟ್ಟಿದ್ದೆ. ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಪ್ರಜ್ವಲನಿಗೆ ತೋರಿಸಬೇಡವೇ?

"ಭಾವ, ಒಳಗೆ ಎಂತದೋ ಟಿಕ್ ಟಿಕ್ ಕೇಳ್ತದಲ್ಲ?" ಎಂದ ಪ್ರಜ್ವಲ.

"ನಿನ್ನ ಹೊಟ್ಟೆಕಿಚ್ಚಿನ ಸದ್ದು ಅದು!" ಎಂದು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ.

ಜೀಪು ಹುಲಿಯಂತೆ ನೆಗೆಯಿತು. ಒಂದು ಕಲ್ಲು ದಾಟಿತು, ಇನ್ನೊಂದು ದಾಟಿತು. ಇಂಜಿನ್ನಿನ ವೇಗ ಏರಿತು... ಢಣ್! ಖಣಖಣ! ಆಮೇಲೆ ಗುಡ್ಡದಲ್ಲಿ ಪೂರ್ತಿ ಮೌನ. ಪಿಸ್ಟನ್ನೂ ವಾಲ್ವೂ ಒಳಗೆ ಮುದ್ದಾಡಿಬಿಟ್ಟಿದ್ದವು. ಜೀಪು ಮೆಲ್ಲಗೆ ಹಿಂದಕ್ಕೆ ಜಾರಿ, ಹೊರಟಲ್ಲಿಗೇ ಬಂದು ನಿಂತಿತು.

"ಅಣ್ಣಾ, ಕಾಯ್ ಝಾಲಂ?" ಎಂದು ಮರಾಠಿ ಗೆಳೆಯರೆಲ್ಲ ಓಡಿ ಬಂದರು. ಏನಾಯಿತೆಂದು ಹೇಳುವ ಬದಲು ನಾನು ಬಾನೆಟ್ಟಿನ ಕಡೆ ಬೆರಳು ತೋರಿಸಿದೆ.

ಪ್ರಜ್ವಲ ಬಾನೆಟ್ಟು ತೆಗೆದು ಪ್ರಶ್ನೆ ಕೇಳತೊಡಗಿದ. ಮಣ್ಣಿನ ಬದಲು ಬನ್ಸ್ ಹಿಟ್ಟು ಎಂದು ಬಾಯಿಬಿಟ್ಟೆ. ಪಂಕಜಾಕ್ಷಿ ಕಿವಿ ನೆಟ್ಟಗೆ ಮಾಡಿದಳು.

"ಹಿಟ್ಟು ಇಟ್ಟದ್ದು ಯಾವಾಗ?"

"ಸಂಜೆ."

"ಅಳೆದದ್ದು?"

"ಮರುದಿನ ಬೆಳಿಗ್ಗೆ. ಒಣಗಬಾರದು ಅಂತ ಒದ್ದೆ ಬಟ್ಟೆ ಮುಚ್ಚಿದ್ದೆನಲ್ಲ!"

ಅವಳು ಡಬ್ಬಿಯ ಮುಚ್ಚಳ ತೆಗೆದು, ಬಲೂನಿನಂತೆ ಉಬ್ಬಿದ ಒಂದು ಬನ್ಸನ್ನು ನನ್ನ ಕಣ್ಣ ಮುಂದೆ ಹಿಡಿದಳು. "ಹುಟ್ಟಿದಾಗಿನಿಂದ ಹೋಟೆಲಿನಲ್ಲಿ ಬೆಳೆದವರು ನೀವು! ಮುಚ್ಚಿಟ್ಟ ಬನ್ಸ್ ಹಿಟ್ಟು ಬೆಳಿಗ್ಗೆಗೆ ಎಂತ ಆಗ್ತದೆ?"

"ಉಬ್ಬುತ್ತದೆ" ಎಂದೆ. ನೆಲ ಬಾಯಿಬಿಡಬಾರದೇ ಎನಿಸಿತು. ಪ್ರಜ್ವಲ ನಗು ತಡೆಯಲು ಹಗ್ಗ ತರುವ ನೆಪ ಮಾಡಿ ಓಡಿದ.

ಅಳುವುದೊಂದೇ ಬಾಕಿ. ಸತ್ಯವನ್ನೇ ಹೇಳಿಬಿಟ್ಟೆ. "ನೀನು ಅವತ್ತು ನನ್ನನ್ನು ಬಿಟ್ಟು ಅವನ ಜೀಪು ಹತ್ತಿದೆಯಲ್ಲ, ಅದನ್ನು ನೋಡಲಿಕ್ಕಾಗಲಿಲ್ಲ ಪಂಕಜಾ. ಅವನ ಇಂಜಿನ್ನಿನ ಬಲ ನೋಡಿ ತಾನೆ ಹೋದದ್ದು?"

"ಬಲವಾ? ನಿಮ್ಮ ಸೀಟಿನಲ್ಲಿ ಈರುಳ್ಳಿ ಮೂಟೆ ಇತ್ತು ಮಾರಾಯ್ರೆ! ಕಾಲು ಜೋಮು ಹಿಡಿದಿತ್ತು. ಇವತ್ತು ನೋಡಿದ್ರೆ ಈ ಕಬ್ಬಿಣ ಕೂತಿದೆ. ಪಿಸ್ಟನ್ನಿಗೆ ಎಷ್ಟು ಜಾಗ ಉಂಟು ಅಂತ ಹಿಟ್ಟು ಹಚ್ಚಿ ಅಳೆದಿರಲ್ಲ, ನನಗೆ ಎಷ್ಟು ಜಾಗ ಉಂಟು ಅಂತ ಒಂದು ಸಲ ನೋಡಿದ್ದುಂಟಾ?"

ನಾನು ಕ್ರ್ಯಾಂಕನ್ನು ಎತ್ತಿ ಹಿಂದಕ್ಕೆ ಇಟ್ಟೆ. ಸೀಟಿನ ಸಂದಿಯಲ್ಲಿದ್ದ ಈರುಳ್ಳಿ ಸಿಪ್ಪೆಯನ್ನು ಹೆಕ್ಕಿ, ಹೆಗಲ ಟವೆಲಿನಿಂದ ಒರೆಸಿದೆ. ಪಂಕಜಾಕ್ಷಿ ಹತ್ತಿ, ಕಾಲು ಚಾಚಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮಹಾರಾಣಿಯಂತೆ ಕೂತಳು.

"ಬಂದದ್ದು ಬಂದಾಯ್ತು ಭಾವ, ಮೇಲೆ ಹೋಗಿ ತಿಂಡಿ ತಿಂದೇ ಇಳಿಯುವ" ಎಂದು ಪ್ರಜ್ವಲ ಹಗ್ಗ ಕಟ್ಟಿ ಎಳೆದ. ಅವನ ಜೀಪಿನ ಹಿಂದೆ ನಮ್ಮ ಜೀಪು ಕಲ್ಲು ಕಲ್ಲು ದಾಟಿ ನೆತ್ತಿಯ ಕಡೆ ಹೊರಟಿತು. ನಾನು ಸತ್ತ ಇಂಜಿನ್ನಿನ ಸ್ಟೇರಿಂಗ್ ಹಿಡಿದು ತಲೆ ತಗ್ಗಿಸಿ ಕೂತಿದ್ದೆ. ಪಂಕಜಾಕ್ಷಿ ಒಂದು ಬನ್ಸ್ ಮುರಿದು ಅರ್ಧ ನನ್ನ ಬಾಯಿಗೆ ತುರುಕಿ ಹೇಳಿದಳು:

"ನೋಡಿ, ಇವತ್ತು ಎಷ್ಟು ಚೆಂದ ಹತ್ತುತ್ತಾ ಉಂಟು ನಮ್ಮ ಜೀಪು!"