ಖಂಡೆ ಪೂಜೆಗೆ ನಿಂತ ಗೇಣುದ್ದದ ಲಾರಿ

ಹಲ್ಲಿನ ಡಾಕ್ಟರನಷ್ಟು ಹೊಗಳಿಕೆಗೆ ಎರವಾದ ಪ್ರಾಣಿ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಗೌಂಡಿ ತಾನು ಕಟ್ಟಿದ ಮನೆಯನ್ನು ಹಾದಿಯಲ್ಲಿ ನಿಂತು ತೋರಿಸಬಹುದು. ದರ್ಜಿ ಹೊಲಿದ ಅಂಗಿ ಊರೆಲ್ಲ ಓಡಾಡುತ್ತದೆ. ನಾನು ಜೀವ ತೇಯ್ದು ಕೂಡಿಸಿದ ದವಡೆಹಲ್ಲು ಮಾತ್ರ ತುಟಿ ಮುಚ್ಚಿದ ಕೂಡಲೇ ಕತ್ತಲಿಗೆ ಸೇರುತ್ತದೆ. ಹಾನಗಲ್ಲಿನ ಸಂತೆಯಲ್ಲಿ ಸಿಕ್ಕವರನ್ನು ನಿಲ್ಲಿಸಿ, "ಸ್ವಲ್ಪ ಆ ಅನ್ರಿ, ಇವರೂ ನೋಡ್ಲಿ" ಎನ್ನಲು ಬರುವುದಿಲ್ಲವಲ್ಲ! ಯಾರ ಬಾಯಿಯನ್ನೂ ತೆರೆಸದೆ ತೋರಿಸಬಹುದಾದ ಒಂದು ಕೆಲಸವನ್ನಾದರೂ ಈ ಜನ್ಮದಲ್ಲಿ ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. ಮಾಡಿದೆ. ಎರಡನೆಯ ಮಹಾಯುದ್ಧದ ಕಾಲದ ಆರು ಗಾಲಿಯ ಮಿಲಿಟರಿ ಲಾರಿಯೊಂದನ್ನು ಕಟ್ಟಿದೆ. ಪ್ಲಾಸ್ಟಿಕ್ಕಿನದು, ಗೇಣುದ್ದದ್ದು. ಇರಲಿ, ಹೆಮ್ಮೆ ಪಡುವವನಿಗೆ ಅಳತೆಯ ಹಂಗಿಲ್ಲ.

ಪಾರ್ಸಲ್ಲಿನಲ್ಲಿ ಲಾರಿ ಬಂತು ಎಂದರೆ ತಪ್ಪಾದೀತು. ಬಂದದ್ದು ಲಾರಿಯ ಪುಡಿ. ಜೋಳದ ಕಾಳಿನಷ್ಟು ಸಣ್ಣ ಭಾಗಗಳು ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡಿದ್ದವು. ಒಂದೊಂದನ್ನೂ ಕತ್ತರಿಸಿ, ಅರದಿಂದ ಉಜ್ಜಿ, ಅಂಟು ಹಚ್ಚಿ ಕೂಡಿಸಬೇಕು. ಬೇರೆಯವರು ಈ ಹವ್ಯಾಸಕ್ಕೆ ಹತ್ಯಾರುಗಳನ್ನು ಬೇರೆಯಾಗಿ ತರಿಸುತ್ತಾರಂತೆ. ನನಗೆ ಆ ತಾಪತ್ರಯವಿರಲಿಲ್ಲ. ತುದಿ ಬಾಗಿದ ಸೂಜಿ, ಚಿಮಟ, ಪುಟ್ಟ ಕನ್ನಡಿ, ಕಣ್ಣಿಗೆ ಹೊಡೆಯುವ ದೀಪ ಎಲ್ಲ ದವಾಖಾನೆಯಲ್ಲೇ ಇದ್ದವು. ವೇಳೆಯೂ ಇತ್ತು, ಯಾಕೆಂದರೆ ಮಧ್ಯಾಹ್ನ ರೊಟ್ಟಿ ಉಂಡು ಮಲಗಿ ಏಳುವ ತನಕ ನಮ್ಮ ಊರಿನಲ್ಲಿ ಯಾರಿಗೂ ಹಲ್ಲು ನೋಯುವುದಿಲ್ಲ. ಆ ಹೊತ್ತಿನಲ್ಲಿ ನಾನು ಬಾನೆಟ್ಟಿನ ಒಳಗಿನ ಎಂಜಿನ್ನಿಗೆ ಬಣ್ಣ ಹಚ್ಚುತ್ತಿದ್ದೆ. ಬಾನೆಟ್ ಮುಚ್ಚಿದ ಮೇಲೆ ಆ ಎಂಜಿನ್ ಯಾರಿಗೂ ಕಾಣುವುದಿಲ್ಲ. ಆದರೂ ಹಚ್ಚಿದೆ, ಕಾಣದ ಕಡೆ ನೀಟಾಗಿ ಕೆಲಸ ಮಾಡುವುದು ನಮ್ಮ ವೃತ್ತಿಯ ಚಟ.

ಲಾರಿ ಸಿದ್ಧವಾಗಿ, ಹಸಿರು ಬಣ್ಣ ಹೊಡೆದು, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಅಂಟಿಸಿದ ಮೇಲೆ ನಿಜವಾದ ಕಲೆ ಶುರುವಾಗುತ್ತದೆ. ಅದೇ ಹೊಲಸು ಮಾಡುವ ಕಲೆ. ಯುದ್ಧಕ್ಕೆ ಹೋದ ಲಾರಿ ಶೋರೂಮಿನಿಂದ ಈಗಷ್ಟೇ ಇಳಿದಂತೆ ಫಳಫಳ ಅನ್ನಬಾರದು. ಅಲ್ಲಲ್ಲಿ ತುಕ್ಕು ಹಿಡಿದಿರಬೇಕು, ಎಣ್ಣೆ ಸೋರಿರಬೇಕು, ಗಾಲಿಗೆ ಕೆಸರು ಮೆತ್ತಿರಬೇಕು. ತುಕ್ಕನ್ನು ಬಣ್ಣದಲ್ಲಿ ತಂದೆ. ಕೆಸರಿಗೆ ಮಾತ್ರ ಖರೇ ಮಣ್ಣೇ ಬೇಕೆಂದು ಹಟ ಬಂತು. ದವಾಖಾನೆಯ ಹೊರಗೆ ಹಿರೇಬೆಂಡಿಗೇರಿಯ ಪೇಷಂಟೊಬ್ಬರ ಬೈಕು ನಿಂತಿತ್ತು, ಅದರ ಮಡ್‌ಗಾರ್ಡಿನ ತುಂಬ ಒಳ್ಳೆಯ ಎರೆಮಣ್ಣು. ಹಲ್ಲಿನ ಕಿಟ್ಟ ತೆಗೆಯುವ ಸಾಧನದಿಂದ ಅದನ್ನು ನಯವಾಗಿ ಕೆರೆದು ಡಬ್ಬಿಗೆ ತುಂಬಿಕೊಳ್ಳುತ್ತಿದ್ದಾಗ ಅವರು ಹೊರಗೆ ಬಂದು, "ಏನ್ರಿ ಡಾಕ್ಟ್ರ, ಗಾಡೀದೂ ಹಲ್ಲ ಸ್ವಚ್ಛ ಮಾಡ್ತೀರೇನ್ರಿ?" ಎಂದರು. ಗೋಂದಿನಲ್ಲಿ ಕಲಸಿ ಹಚ್ಚಿದ ಆ ಮಣ್ಣು ಒಣಗಿ ಬಿರಿದಾಗ, ಲಾರಿ ಸಾಕ್ಷಾತ್ ರಣರಂಗದಿಂದ ಬಂದು ನಿಂತಿದೆ ಎನ್ನಿಸಿ ನನ್ನ ಎದೆ ಉಬ್ಬಿತು. ಹೆಂಡತಿ ಸವಣೂರಿನವಳು, ಮಾತಿಗೆ ಎಂದೂ ಬಡತನವಿಲ್ಲ. "ಇಷ್ಟ ವರ್ಷದಾಗ ಮನಿ ಸ್ವಚ್ಛ ಮಾಡಾಕ ಒಂದಿನ ಕೈ ಹಚ್ಚಲಿಲ್ಲ. ಹೊಲಸ ಮಾಡಾಕ ಮಾತ್ರ ಬ್ರಶ್ ಹಿಡಕೊಂಡ ಕುಂತೀರಿ ನೋಡ್ರಿ" ಎಂದು ಒಳಗೆ ಹೋದಳು.

ಪೇಷಂಟುಗಳಿಗೆ ತೋರಿಸಿದೆ. ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತವರು ಎದುರಾಡಲಾರರು, ಆದ್ದರಿಂದ ಲಾರಿಯ ಚರಿತ್ರೆಯನ್ನು ಪೂರ್ತಿಯಾಗಿ ಕೇಳಿದರು. ರಟ್ಟೀಹಳ್ಳಿಯ ಹಿರಿಯರೊಬ್ಬರಿಗೆ ನಾನು ಎಂಜಿನ್ನಿನಿಂದ ಹಿಡಿದು ಹಿಂದಿನ ಹಲಗೆಯ ತನಕ ವಿವರಿಸಿದೆ. ಬಾಯಿ ಮುಕ್ಕಳಿಸಿದ ಮೇಲೆ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಾ ಬರೋಬರಿ ಐತ್ರಿ. ಸೆಲ್ ಎಲ್ಲಿ ಹಾಕೋದ್ರಿ?" ಎಂದು ಕೇಳಿದರು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ನಮ್ಮ ಅವ್ವನ ತೀರ್ಪು. ಅವಳ ಲೋಕದಲ್ಲಿ ಸಾಮಾನು ಎರಡೇ ಬಗೆ. ಒಂದು ದುಡಿಯುವ ಸಾಮಾನು, ಇನ್ನೊಂದು ಆಟಗಿ ಸಾಮಾನು. ದುಡಿಯುವುದಕ್ಕೆ ಮರ್ಯಾದೆ, ಆಟಗಿ ಎಂದರೆ ಮಕ್ಕಳದ್ದು. ಅವಳ ತವರು ಚಿಕ್ಕೇರೂರು. ದಸರೆಗೆ ಬನ್ನಿ ಕೊಡಲು ಅವಳ ಅಣ್ಣನ ಮನೆಯವರು ಪ್ರತಿವರ್ಷ ಬರುತ್ತಾರೆ, ಈ ಸಲ ಅವರ ಜೊತೆ ಮೂರು ವರ್ಷದ ಮೊಮ್ಮಗನೂ ಬರುವವನಿದ್ದ. ಅವನು ಹೋದ ಸಲ ಬಂದಾಗ ನಮ್ಮ ಟಿವಿಯ ರಿಮೋಟನ್ನು ನೆಲಕ್ಕೆ ಕುಟ್ಟಿ ಒಳಗೇನಿದೆ ಎಂದು ನೋಡಿದ್ದ. "ಛಲೋ ಆತು ತಮ್ಮಾ," ಎಂದಳು ಅವ್ವ, "ಕೂಸಿಗೆ ಕೊಡಾಕ ಏನರ ಬೇಕಾಗಿತ್ತು. ಈ ಆಟಗಿ ಲಾರಿ ಕೊಟ್ಟ ಬಿಡೂಣು."

"ಅವ್ವಾ, ಅದು ಆಟಗಿ ಅಲ್ಲ. ಮಾಡೆಲ್ಲು."

"ಓಡತೈತೇನು?"

"ಇಲ್ಲ."

"ಏನರ ಹೇರಾಕ ಬರತೈತೇನು?"

"ಇಲ್ಲ."

"ಮತ್ತ?" ಎಂದಳು.

ಕೋರ್ಟಿನಲ್ಲಿಯೂ ಇಷ್ಟು ಬೇಗ ಯಾರೂ ಸೋತಿರಲಿಕ್ಕಿಲ್ಲ. ಅವ್ವನ ಮಾತು ನಮ್ಮ ಮನೆಯಲ್ಲಿ ಎರಡಾಗುವುದಿಲ್ಲ. ತವರಿನ ಕೂಸಿಗೆ ಕೊಡುತ್ತೇನೆಂದದ್ದನ್ನು ಇಲ್ಲ ಎನ್ನುವ ಧೈರ್ಯ ನನಗೂ ಇಲ್ಲ. ಲಾರಿಯನ್ನು ಅಡಗಿಸಿಡಬೇಕೆಂದುಕೊಂಡೆ. ಆದರೆ ಅಡಗಿಸಿಟ್ಟರೆ ತೋರಿಸುವುದು ಹೇಗೆ? ಹೆಮ್ಮೆಗೂ ಜಾಣತನಕ್ಕೂ ಜಗಳ ಬಿದ್ದು, ಎಂದಿನಂತೆ ಹೆಮ್ಮೆಯೇ ಗೆದ್ದು, ಲಾರಿ ಪಡಸಾಲೆಯ ಗಾಜಿನ ಕಪಾಟಿನಲ್ಲಿಯೇ ಉಳಿಯಿತು.

ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಬೆಳಿಗ್ಗೆ ದವಾಖಾನೆಯ ಹತ್ಯಾರುಗಳನ್ನು ತೊಳೆದಿಟ್ಟು ಮನೆಗೆ ಬಂದರೆ ಕಪಾಟು ಖಾಲಿ. ಹಿತ್ತಲಿಗೆ ಓಡಿದೆ. ಈಳಿಗೆ, ಕುಡುಗೋಲು, ಕೊಡಲಿ, ಹೆಂಡತಿಯ ಹೊಲಿಗೆ ಯಂತ್ರದ ಕತ್ತರಿ ಎಲ್ಲ ಮಿಂದು ಬಿಸಿಲಿಗೆ ಮಲಗಿದ್ದವು. ಅವುಗಳ ನಡುವೆ ಬಕೆಟ್ಟಿನಲ್ಲಿ ಸಾಬೂನಿನ ನೊರೆ, ನೊರೆಯಲ್ಲಿ ನನ್ನ ಲಾರಿ. ಅವ್ವ ಹಳೆಯ ಟೂತ್‌ಬ್ರಶ್ಶಿನಿಂದ ಗಾಲಿ ತಿಕ್ಕುತ್ತಿದ್ದಳು. ಹಿರೇಬೆಂಡಿಗೇರಿಯ ಎರೆಮಣ್ಣು ಬಚ್ಚಲದ ಹಾದಿ ಹಿಡಿದಿತ್ತು. ಬಾನೆಟ್ಟಿನ ಬಿಳಿ ನಕ್ಷತ್ರ ನೀರಿನಲ್ಲಿ ಒಂದೇ ತೇಲುತ್ತಿತ್ತು.

"ಅವ್ವಾ! ಏನ ಮಾಡಾಕತ್ತೀ?"

"ಎಷ್ಟ ಹೊಲಸ ಮಾಡಿ ಇಟ್ಟಿದ್ಯೋ ತಮ್ಮಾ! ಹಂಗ ಪೂಜಾಕ್ಕ ಇಡಾಕ ಬರತೈತೇನು? ಹೆದರಬ್ಯಾಡ, ನೀನ ಎಲ್ಲಾರಿಗೂ ಹೇಳ್ತೀಯಲ್ಲ, ಮೆಲ್ಲಕ ದುಂಡಗ ತಿಕ್ಕಬೇಕು ಅಂತ. ಹಂಗ ತಿಕ್ಕಾಕತ್ತೇನಿ."

ಸಿಟ್ಟು ನೆತ್ತಿಗೇರಿತ್ತು. ಆದರೆ ಅವಳು ಹೇಳಿದ ಒಂದು ಮಾತು ಕಿವಿಯೊಳಗೇ ನಿಂತುಬಿಟ್ಟಿತು. "ಪೂಜಾಕ್ಕ? ಆಟಗಿ ಅಂದಿದ್ದಿಯಲ್ಲ?" ಎಂದೆ.

ಅವ್ವ ಲಾರಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. "ನಿನ್ನೆ ಧೂಳ ಒರಸಾಕಂತ ತಗದಿದ್ನಿ. ಬಾನೆಟ್ ಎತ್ತಿದರ ಒಳಗ ಎಂಜಿನ್ನೂ ಐತಿ. ಯಾರಿಗೂ ಕಾಣದ್ದಕ್ಕ ಇಷ್ಟ ಕಷ್ಟ ಪಟ್ಟೀ ಅಂದ ಮ್ಯಾಲೆ ಅದು ಆಟಗಿ ಹೆಂಗ ಆದೀತು?" ಎಂದಳು. ಇಷ್ಟು ವರ್ಷ ಹಲ್ಲು ಕಿತ್ತು, ಹಲ್ಲು ಕೂಡಿಸಿ ಗಳಿಸಲಾಗದ ಮೆಚ್ಚುಗೆಯನ್ನು ಸಾಬೂನಿನ ನೊರೆಯಲ್ಲಿ ನಿಂತು ಪಡೆದೆ.

ಪೂಜೆಗೆ ಅಂಗಳದಲ್ಲಿ ಕಾರು, ಅದರ ಪಕ್ಕ ಹೆಂಡತಿಯ ಸ್ಕೂಟಿ, ಸ್ಕೂಟಿಯ ಪಕ್ಕ ಮಣೆಯ ಮೇಲೆ ಲಾರಿ. ನಕ್ಷತ್ರವಿದ್ದ ಜಾಗದಲ್ಲಿ ಅವ್ವ ಮೂರು ಎಳೆ ವಿಭೂತಿ ಎಳೆದಳು. ಯಾವ ದೇಶದ್ದೋ ಲಾರಿ ಶಿವನ ಸೈನ್ಯಕ್ಕೆ ಸೇರಿತು. ಚೆಂಡುಹೂವು ಇಟ್ಟರೆ ಇಡೀ ಲಾರಿಯೇ ಮುಚ್ಚಿಹೋಗುತ್ತಿತ್ತು, ಒಂದು ಎಸಳು ಏರಿಸಿದಳು. ಕಾರಿನ ಗಾಲಿಗೆ ಲಿಂಬೆಹಣ್ಣು ಇಟ್ಟಾಯಿತು. ಲಾರಿಯ ಗಾಲಿಗಿಂತ ಲಿಂಬೆಹಣ್ಣೇ ದೊಡ್ಡದು. ಅವ್ವ ಒಂದು ಕ್ಷಣ ಯೋಚಿಸಿ, ಹಣ್ಣು ಹೆಚ್ಚಿ, ಮುಂದಿನ ಗಾಲಿಗಳ ಅಡಿಗೆ ಒಂದೊಂದು ಲಿಂಬೆ ಬೀಜ ಇಟ್ಟಳು. ಅಳತೆ ಎಂದರೆ ಇದು! ನಾನು ಹೆಂಡತಿಯ ಕಡೆಗೆ ಹೆಮ್ಮೆಯಿಂದ ನೋಡಿದೆ. "ಇನ್ನ ಚಿಕ್ಕೇರೂರ ಕೂಸಿಗೆ ಬ್ಯಾರೆ ಏನರ ತರ್ರಿ," ಎಂದು ಅವಳಿಗೆ ಅವ್ವ ಹೇಳಿದಳು, "ಪೂಜಾ ಆದ ಗಾಡಿ ಆಡಾಕ ಕೊಡಾಕ ಬರೂದಿಲ್ಲ."

ಕಾಯಿ ಒಡೆದು ಕಾರನ್ನು ಮುಂದೆ ಬಿಟ್ಟೆ. ಹೆಂಡತಿ ಸ್ಕೂಟಿ ಬಿಟ್ಟಳು. ನಾನು ಬಗ್ಗಿ ಬೆರಳಿನಿಂದ ಲಾರಿಯನ್ನು ನೂಕಹೋದೆ.

"ಏ, ಹಂಗ ನೂಕಿದರ ನಡಿಯೂದಿಲ್ಲ," ಎಂದಳು ಅವ್ವ. "ಕೆಟ್ಟ ನಿಂತ ಗಾಡಿ ಏನದು? ಚಾಲೂ ಮಾಡಿ ಹೊಡಿ."

ಗೇಟಿನ ಆಚೆ ಓಣಿಯವರು ಪ್ರಸಾದಕ್ಕೆಂದು ನಿಂತಿದ್ದರು. ಅವರಲ್ಲಿ ಅರ್ಧ ಜನ ನನ್ನ ಪೇಷಂಟುಗಳು. ಇದು ಆಟಗಿಯಲ್ಲ ಎಂದು ಅವರಲ್ಲಿ ಒಬ್ಬೊಬ್ಬರಿಗೂ ನಾನೇ ಗಂಟಲು ಹರಿಯುವಂತೆ ಹೇಳಿದ್ದೆ. ನಾನು ಆ ಕಡೆ ಈ ಕಡೆ ನೋಡಿ, ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಮೊಣಕಾಲೂರಿ, ಲಾರಿಯ ಮೇಲೆ ಕೈ ಇಟ್ಟು, ಬಾಯಿ ತೆರೆದು, ಓಣಿಗೆಲ್ಲ ಕೇಳುವಂತೆ "ಡುರ್ರ್ರ್ರ್..." ಎಂದೆ.